ಹಿತ್ತಿಲಿನ ನೆಲ್ಲಿ: ಒಂದು ಗಿಡವಲ್ಲ, ಒಂದು ಜೊತೆ

ಪ್ರತಿವರ್ಷ ಮುಂಗಾರಿಗೆ ಮುನ್ನ ಗ್ರಾಮ ಪಂಚಾಯಿತಿಗಳು ಸಸಿಗಳ ಬೇಡಿಕೆ ಪಟ್ಟಿಯನ್ನು ಸಿದ್ಧಪಡಿಸುವುದು ವಾಡಿಕೆ. ಮನೆಯ ಹಿತ್ತಿಲು, ಅಂಗನವಾಡಿ ಆವರಣ, ಶಾಲೆಯ ಕೈತೋಟ ಮುಂತಾದ ಕಡೆಗಳಿಗೆ ಜನರು ಹೆಚ್ಚಾಗಿ ಕೇಳುವ ಸಸಿಗಳಲ್ಲಿ ನೆಲ್ಲಿಯೂ ಒಂದು. ನಮ್ಮ ನಾಡಿನ ಕಾಡುಗಳಲ್ಲಿ ತಾನಾಗಿಯೇ ಬೆಳೆಯುವ, ಹೆಚ್ಚು ಜಾಗ ಬೇಡದ, ಬರವನ್ನು ತಾಳಿಕೊಳ್ಳುವ ಮರವಿದು. ಆದರೆ ಈ ಮರದ ಸ್ವಭಾವವನ್ನು ಅರಿಯದೆ ಸಸಿ ಹಂಚಿದರೆ ಫಲಾನುಭವಿಗಳ ಐದಾರು ವರ್ಷಗಳ ಶ್ರಮ ವ್ಯರ್ಥವಾಗಬಹುದು. ಅಂತಹದೊಂದು ತಪ್ಪು ನನ್ನಿಂದಲೇ ಆಗಿದೆ. ಅದು ಇತರರಿಂದ ಮರುಕಳಿಸದಿರಲಿ ಎಂಬ ಉದ್ದೇಶದಿಂದ ಈ ಲೇಖನವನ್ನು ಬರೆಯಲಾಗಿದೆ.

ಅರವತ್ತು ಮನೆ, ಅರವತ್ತು ಸಸಿ

ನಾನು ಸೇವೆಗೆ ಸೇರಿದ ಮೊದಲ ವರ್ಷ ಒಂದು ಗ್ರಾಮದ 60 ಮನೆಗಳಿಗೆ ತಲಾ ಒಂದರಂತೆ ನೆಲ್ಲಿಯ ಕಸಿ ಸಸಿಗಳನ್ನು ವಿತರಿಸಲಾಯಿತು. ಎಂಜಿನಿಯರಿಂಗ್ ಓದಿ ಬಂದವನಾದ್ದರಿಂದ ಅಳತೆಯ ಮೇಲೆ ನನಗೆ ಅಪಾರ ನಂಬಿಕೆಯಿತ್ತು. ಪ್ರತಿ ಗುಂಡಿಯೂ ಒಂದೇ ಅಳತೆ, ಪ್ರತಿ ಸಸಿಯೂ ಒಂದೇ ಎತ್ತರ, ಎಲ್ಲವೂ ದೊಡ್ಡ ಕಾಯಿಯ ಒಂದೇ ತಳಿ. ಆ ಏಕರೂಪತೆಯನ್ನು ಕಾಮಗಾರಿಯ ಗುಣಮಟ್ಟವೆಂದೇ ತಿಳಿದು ಸಂತೋಷಪಟ್ಟಿದ್ದೆ. ಸಸಿಗಳು ಚೆನ್ನಾಗಿ ಬದುಕಿದವು. ಕಡತದಲ್ಲಿ ಕಾಮಗಾರಿ ಪೂರ್ಣಗೊಂಡಿತು. ನನಗೂ ವರ್ಗಾವಣೆಯಾಯಿತು.

ಆರು ವರ್ಷಗಳ ನಂತರ ಅದೇ ಪಂಚಾಯಿತಿಯ ಹೆಚ್ಚುವರಿ ಪ್ರಭಾರವನ್ನು ವಹಿಸಿಕೊಂಡಾಗ ಮೊದಲ ವಾರದಲ್ಲಿಯೇ ಒಬ್ಬ ಹಿರಿಯ ಮಹಿಳೆ ಕಚೇರಿಗೆ ಬಂದರು. "ಸಾರ್, ನೀವು ಕೊಟ್ಟ ನೆಲ್ಲಿ ಗೊಡ್ಡು. ವರ್ಷಾ ವರ್ಷಾ ಹೂ ಬಿಡ್ತದೆ, ಒಂದು ಕಾಯಿ ಕಂಡಿಲ್ಲ. ನೀರು ಹೊತ್ತೂ ಹೊತ್ತೂ ಸಾಕಾಯ್ತು. ಕಡಿಸಿ ಅಲ್ಲಿ ದನ ಕಟ್ಟೋಕೆ ಜಾಗ ಮಾಡ್ಕೊತೀನಿ. ಪಂಚಾಯ್ತಿ ಗಿಡ ಅಲ್ವಾ, ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ" ಎಂದರು.

ಕಡಿಯುವ ಮೊದಲು ಒಂದು ವಾರ ಕಾಲಾವಕಾಶ ಕೊಡುವಂತೆ ಅವರನ್ನು ಕೇಳಿಕೊಂಡು ಊರಿನ ಮನೆ ಮನೆಗೂ ಹೋಗಿ ನೋಡಿದೆ. ಉಳಿದಿದ್ದ ಮರಗಳಲ್ಲಿ ಬಹುಪಾಲು ಸೊಂಪಾಗಿ ಬೆಳೆದಿದ್ದವು. ಆದರೆ ಕಾಯಿಯಿದ್ದದ್ದು ಊರ ಕೊನೆಯ ದೇವಸ್ಥಾನದ ಸಮೀಪದ ನಾಲ್ಕು ಮನೆಗಳಲ್ಲಿ ಮಾತ್ರ. ಮಣ್ಣು ಒಂದೇ, ನೀರು ಒಂದೇ, ಸಸಿಯೂ ಒಂದೇ. ವ್ಯತ್ಯಾಸವಿದ್ದದ್ದು ಒಂದೇ ಸಂಗತಿಯಲ್ಲಿ. ದೇವಸ್ಥಾನದ ಹಿಂದೆ, ಯಾರೂ ನೆಟ್ಟ ನೆನಪಿಲ್ಲದ, ಸಣ್ಣ ಕಾಯಿಯ ಒಂದು ಹಳೆಯ ನಾಟಿ ನೆಲ್ಲಿಮರವಿತ್ತು. ಜೊತೆಗೆ ಬಂದಿದ್ದ ತೋಟಗಾರಿಕೆ ಇಲಾಖೆಯ ಸಹಾಯಕರು ಅದನ್ನು ನೋಡಿದೊಡನೆ, "ನಿಮ್ಮ ನಾಲ್ಕು ಮನೆಗೂ ಈ ಮರವೇ ಗತಿ" ಎಂದು ನಕ್ಕರು.

ಹೂವಿದ್ದೂ ಕಾಯಿ ಏಕಿಲ್ಲ?

ನೆಲ್ಲಿಯಲ್ಲಿ ಗಂಡು ಹೂವು ಮತ್ತು ಹೆಣ್ಣು ಹೂವು ಒಂದೇ ಮರದಲ್ಲಿ ಬೇರೆ ಬೇರೆಯಾಗಿ ಅರಳುತ್ತವೆ. ಬೇಸಿಗೆಯ ಹೊಸ ಚಿಗುರಿನ ಬುಡದ ಕಡೆ ಗುಂಪುಗುಂಪಾಗಿ ಕಾಣುವ ಹಸಿರು ಮಿಶ್ರಿತ ಹಳದಿ ಬಣ್ಣದ ಸಣ್ಣ ಹೂಗಳು ಬಹುಪಾಲು ಗಂಡು. ಹೆಣ್ಣು ಹೂಗಳು ಚಿಗುರಿನ ತುದಿಯ ಕಡೆಗೆ ಕೆಲವೇ ಇರುತ್ತವೆ. ಆದಕಾರಣ ಮರವೆಲ್ಲ ಹೂವಾಗಿ ಕಂಡಮಾತ್ರಕ್ಕೆ ಅಷ್ಟೂ ಕಾಯಾಗುವುದೆಂದು ಎಣಿಸಲಾಗದು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ನೆಲ್ಲಿಯ ಹೆಣ್ಣು ಹೂವು ತನ್ನದೇ ಮರದ ಪರಾಗವನ್ನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಬೇರೊಂದು ಮರದ ಪರಾಗವನ್ನು ಜೇನ್ನೊಣಗಳು ಹೊತ್ತು ತಂದಾಗಲೇ ಕಾಯಿ ಚೆನ್ನಾಗಿ ಕಟ್ಟುತ್ತದೆ. ಇಲ್ಲಿ "ಬೇರೊಂದು ಮರ" ಎಂಬ ಮಾತನ್ನು ಎಚ್ಚರಿಕೆಯಿಂದ ಅರ್ಥಮಾಡಿಕೊಳ್ಳಬೇಕು. ಒಂದು ತಾಯಿಮರದ ಕಣ್ಣುಗಳನ್ನು ತೆಗೆದು ಕಸಿ ಮಾಡಿದ ಸಸಿಗಳೆಲ್ಲ ಗುಣದಲ್ಲಿ ಆ ತಾಯಿಮರವೇ ಆಗಿರುತ್ತವೆ. ನೆಲದಲ್ಲಿ ಅರವತ್ತು ಮರಗಳು ನಿಂತಿದ್ದರೂ ಪರಾಗದ ಲೆಕ್ಕದಲ್ಲಿ ಅವು ಒಂದೇ ಮರ. ನಾನು ಅರವತ್ತು ಮನೆಗಳಿಗೆ ಅರವತ್ತು ಸಸಿ ಕೊಟ್ಟೆನೆಂದು ತಿಳಿದಿದ್ದೆ. ವಾಸ್ತವವಾಗಿ ಇಡೀ ಊರಿಗೆ ಒಂದೇ ಮರವನ್ನು ಕೊಟ್ಟಿದ್ದೆ.

ಕೆಲವು ತಳಿಗಳು ತಕ್ಕಮಟ್ಟಿಗೆ ಒಂಟಿಯಾಗಿಯೂ ಕಾಯಿ ಬಿಡುವುದುಂಟು. ಆದರೆ ಅವುಗಳೂ ಬೇರೆ ತಳಿಯ ಜೊತೆಯಲ್ಲಿದ್ದಾಗ ಹೆಚ್ಚು ಫಲ ಕೊಡುತ್ತವೆ. ಆದ್ದರಿಂದ ಹಿತ್ತಿಲಿಗೆ ನೆಲ್ಲಿಯನ್ನು ಆರಿಸುವಾಗ ಎರಡು ಬೇರೆ ಬೇರೆ ತಳಿಗಳ ಎರಡು ಗಿಡಗಳನ್ನು ಆರಿಸುವುದೇ ಸರಿಯಾದ ಕ್ರಮ. ಎರಡಕ್ಕೆ ಜಾಗವಿಲ್ಲದವರು ಪಕ್ಕದ ಮನೆಯವರೊಂದಿಗೆ ಮಾತನಾಡಿ, ತಮ್ಮಲ್ಲಿ ಒಂದು ತಳಿಯನ್ನೂ ಅವರಲ್ಲಿ ಇನ್ನೊಂದು ತಳಿಯನ್ನೂ ನೆಡಬಹುದು. ಜೇನ್ನೊಣಕ್ಕೆ ಬೇಲಿಯ ಅಡ್ಡಿಯಿಲ್ಲ.

ತಳಿಯ ಆಯ್ಕೆ

ಬೀಜದಿಂದ ಬೆಳೆದ ನಾಟಿ ನೆಲ್ಲಿ ಫಲ ಕೊಡಲು ಸಾಮಾನ್ಯವಾಗಿ ಏಳೆಂಟು ವರ್ಷ ಬೇಕು. ಕಸಿ ಸಸಿ ನಾಲ್ಕೈದು ವರ್ಷಗಳಲ್ಲಿ ಫಲ ಕೊಡಲಾರಂಭಿಸುತ್ತದೆ. ಹಳೆಯ ತಳಿಗಳಲ್ಲಿ ಬನಾರಸಿ ಮತ್ತು ಚಕೈಯ ಪ್ರಸಿದ್ಧವಾದವು. ಬನಾರಸಿಯ ಕಾಯಿ ದೊಡ್ಡದು, ಆದರೆ ಅದರಲ್ಲಿ ಹೆಣ್ಣು ಹೂಗಳು ಕಡಿಮೆಯಾದ್ದರಿಂದ ಇಳುವರಿಯೂ ಕಡಿಮೆ. ಉತ್ತರ ಪ್ರದೇಶದ ನರೇಂದ್ರ ದೇವ ಕೃಷಿ ವಿಶ್ವವಿದ್ಯಾಲಯದಲ್ಲಿ ಇಂತಹ ಹಳೆಯ ತಳಿಗಳ ಬೀಜಸಸಿಗಳಿಂದ ಆಯ್ದು ಹೊಸ ತಳಿಗಳನ್ನು ರೂಪಿಸಲಾಗಿದೆ. ಬನಾರಸಿಯ ಸಂತತಿಯಿಂದ ಕೃಷ್ಣ, ಚಕೈಯದ ಸಂತತಿಯಿಂದ ಕಾಂಚನ್ ಮತ್ತು ಫ್ರಾನ್ಸಿಸ್ ತಳಿಯ ಸಂತತಿಯಿಂದ ಎನ್.ಎ-7 ಬಂದಿವೆ. ತಮಿಳುನಾಡಿನ ಭವಾನಿಸಾಗರದಲ್ಲಿ ಆಯ್ಕೆಯಾದ ಬಿ.ಎಸ್.ಆರ್-1 ದಕ್ಷಿಣದ ಹವಾಮಾನಕ್ಕೆ ಒಗ್ಗಿದ ತಳಿ.

ಇವುಗಳಲ್ಲಿ ಸಸ್ಯಕ್ಷೇತ್ರದಲ್ಲಿ ದೊರೆಯುವ ಯಾವುದಾದರೂ ಎರಡನ್ನು ಆರಿಸಿಕೊಳ್ಳಬಹುದು. ಕೊಳ್ಳುವಾಗ ತಳಿಯ ಹೆಸರಿನ ಚೀಟಿ ಸಸಿಗೆ ಕಟ್ಟಿದೆಯೇ ಎಂದು ನೋಡತಕ್ಕದ್ದು. ಎರಡು ತಳಿ ಸಿಗದಿದ್ದಲ್ಲಿ ಒಂದು ಕಸಿ ಸಸಿಯ ಜೊತೆಗೆ ಬೀಜದಿಂದ ಬೆಳೆಸಿದ ಒಂದು ನಾಟಿ ಸಸಿಯನ್ನು ನೆಡಬಹುದು. ನಾಟಿ ಸಸಿ ತಡವಾಗಿ ಹೂ ಬಿಟ್ಟರೂ ಮುಂದೆ ಒಳ್ಳೆಯ ಜೊತೆಯಾಗುತ್ತದೆ. ಅಂಗಳದಲ್ಲಿ ಬೆಳೆಸುವ, ಹೊರಮೈಯಲ್ಲಿ ಏಣುಗಳಿರುವ ಹುಳಿ ಕಾಯಿಯ ಅರೆನೆಲ್ಲಿ ಬೇರೆಯೇ ಗಿಡ. ಅದು ಬೆಟ್ಟದ ನೆಲ್ಲಿಗೆ ಜೊತೆಯಾಗಲಾರದು.

ಜಾಗ, ಗುಂಡಿ ಮತ್ತು ನಾಟಿ

ನೆಲ್ಲಿಗೆ ದಿನವಿಡೀ ಬಿಸಿಲು ಬೀಳುವ ಜಾಗ ಬೇಕು. ಕೆಂಪು ಮಣ್ಣು, ಗರಸು ಮಣ್ಣು, ಸ್ವಲ್ಪ ಸವಳು ಮಣ್ಣು ಕೂಡ ನಡೆಯುತ್ತದೆ. ಆದರೆ ಬುಡದಲ್ಲಿ ನೀರು ನಿಲ್ಲುವ ಜಾಗ ಕೂಡದು. ಎರಡು ಮರಗಳ ನಡುವೆ 6ರಿಂದ 8 ಮೀಟರ್ ಅಂತರವಿರಲಿ. ಮನೆಯ ಗೋಡೆಯಿಂದ ಕನಿಷ್ಠ 4 ಮೀಟರ್ ದೂರವಿರಲಿ. ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿಲ್ಲವೆಂಬುದನ್ನು ಗುಂಡಿ ತೋಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಇಂದು ಮೊಣಕಾಲೆತ್ತರದ ಸಸಿಯನ್ನು ನೋಡಿ ಜಾಗ ಗೊತ್ತುಮಾಡಿದರೆ ಮುಂದೆ ಮರವನ್ನೇ ಕಡಿಯಬೇಕಾಗುತ್ತದೆ.

ಬೇಸಿಗೆಯಲ್ಲಿಯೇ 60 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಬೇಕು. ಗಟ್ಟಿ ಗರಸು ನೆಲವಾದರೆ ಗುಂಡಿ ಒಂದು ಮೀಟರಿನವರೆಗೂ ಇರಬಹುದು. ತೋಡುವಾಗ ಮೇಲ್ಮಣ್ಣನ್ನು ಒಂದು ಕಡೆ, ಕೆಳಮಣ್ಣನ್ನು ಇನ್ನೊಂದು ಕಡೆ ಹಾಕಿ, ಮುಂಗಾರಿನ ಮೊದಲ ಹದ ಮಳೆಯ ನಂತರ ಮೇಲ್ಮಣ್ಣಿಗೆ ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಗುಂಡಿ ತುಂಬಬೇಕು. ಕಸಿ ಕಟ್ಟಿದ ಗಂಟು ನೆಲಮಟ್ಟಕ್ಕಿಂತ ಮೇಲಿರುವಂತೆ ಸಸಿಯನ್ನು ನೆಟ್ಟು, ಗಾಳಿಗೆ ಅಲುಗದಂತೆ ಊರುಗೋಲು ಕೊಡಬೇಕು. ದನ, ಆಡುಗಳು ಬಾಯಿ ಹಾಕದಂತೆ ಮುಳ್ಳಿನ ಬೇಲಿ ಅವಶ್ಯ.

ಗಂಟಿನ ಕೆಳಗಿನಿಂದ ಬರುವ ಚಿಗುರು ಬೇರುಗಿಡದ್ದು. ಅದನ್ನು ಕಂಡಕೂಡಲೇ ಚಿವುಟಬೇಕು. ಅದನ್ನು ಬಿಟ್ಟರೆ ಅದು ಬಿರುಸಾಗಿ ಬೆಳೆದು ಕಸಿ ಕೊಂಬೆಯನ್ನು ಸೊರಗಿಸುತ್ತದೆ.

ಪಾಲನೆ

ಮೊದಲ ಎರಡು ಬೇಸಿಗೆಗಳನ್ನು ದಾಟಿಸುವುದೇ ದೊಡ್ಡ ಕೆಲಸ. ವಾರಕ್ಕೊಮ್ಮೆ ಒಂದೆರಡು ಕೊಡ ನೀರು, ಬುಡಕ್ಕೆ ಒಣ ಎಲೆಯ ಅಥವಾ ತೆಂಗಿನ ಸಿಪ್ಪೆಯ ಹೊದಿಕೆ ಇದ್ದರೆ ಸಸಿ ಬದುಕುತ್ತದೆ. ಹೊದಿಕೆ ಕಾಂಡಕ್ಕೆ ತಗುಲದಂತೆ ಒಂದು ಗೇಣು ದೂರವಿರಲಿ. ಪಾತ್ರೆ ತೊಳೆದ ನೀರನ್ನು ಬುಡಕ್ಕೆ ಹರಿಸಬಹುದು. ಆದರೆ ಸೋಪಿನ ನೀರನ್ನು ದಿನವೂ ಒಂದೇ ಗಿಡಕ್ಕೆ ಬಿಡುವುದು ಸರಿಯಲ್ಲ. ಅದನ್ನು ಬಚ್ಚಲ ಗುಂಡಿಗೇ ಹರಿಸುವುದು ಒಳಿತು. ಬೆಳೆದ ಮರಕ್ಕೆ ಹೂ ಬಿಡುವ ದಿನಗಳಲ್ಲಿ ನೀರು ಕೊಡಬಾರದು. ಹೂವಿನ ಕಾಲದಲ್ಲಿ ಕೀಟನಾಶಕ ಸಿಂಪಡಿಸಲೇಬಾರದು. ಜೇನ್ನೊಣ ಸತ್ತರೆ ಕಾಯಿಯೂ ಇಲ್ಲ.

ಗೊಬ್ಬರವನ್ನು ಮೊದಲ ವರ್ಷ 10 ಕಿ.ಗ್ರಾಂ. ಕೊಟ್ಟು, ಪ್ರತಿವರ್ಷ ಅಷ್ಟಷ್ಟೇ ಹೆಚ್ಚಿಸುತ್ತಾ ಹೋಗಬಹುದು. ನೆಲದಿಂದ ಸುಮಾರು 75 ಸೆಂ.ಮೀ. ವರೆಗಿನ ಕೊಂಬೆಗಳನ್ನು ತೆಗೆದು, ಮೇಲೆ ಅಗಲವಾಗಿ ಚಾಚಿದ ನಾಲ್ಕೈದು ಕೊಂಬೆಗಳನ್ನು ಉಳಿಸಿಕೊಳ್ಳಬೇಕು. ನೆಲ್ಲಿಯ ಕೊಂಬೆ ಪೆಡಸು. ಕಾಯಿಯ ಭಾರಕ್ಕೆ ಮುರಿಯುವ ಸಂಭವವಿರುವುದರಿಂದ ತುಂಬು ಕಾಯಿಯ ಕೊಂಬೆಗೆ ಕವೆಗೋಲಿನ ಆಸರೆ ಕೊಡಬೇಕು.

ಕಾಂಡದ ಮೇಲೆ ಹುಡಿಯಂತಹ ಕಸ, ಜೇಡರ ಬಲೆಯಂತಹ ಪದರ ಕಂಡರೆ ತೊಗಟೆ ತಿನ್ನುವ ಹುಳು ಸೇರಿದೆಯೆಂದು ತಿಳಿಯಬೇಕು. ಕಸವನ್ನು ಕೆರೆದು, ತೂತಿಗೆ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ತುರುಕಿ, ಮೇಲೆ ಹಸಿ ಮಣ್ಣು ಮೆತ್ತಬೇಕು. ಚಿಗುರಿನ ತುದಿ ಗಂಟಿನಂತೆ ಊದಿಕೊಂಡಿದ್ದರೆ ಆ ಭಾಗವನ್ನು ಕತ್ತರಿಸಿ ಸುಡಬೇಕು. ಕಾಯಿಯ ಒಳಭಾಗ ಕಂದಾಗಿ ಆಮೇಲೆ ಹೊರಗೂ ಕಪ್ಪು ಕಲೆ ಕಂಡರೆ ಬಹುಮಟ್ಟಿಗೆ ಅದು ಬೋರಾನ್ ಕೊರತೆ. ಬೋರಾಕ್ಸ್ ದ್ರಾವಣದ ಸಿಂಪಡಣೆಯಿಂದ ಇದನ್ನು ತಡೆಯಬಹುದು. ಪ್ರಮಾಣವನ್ನು ತೋಟಗಾರಿಕೆ ಅಧಿಕಾರಿಗಳಲ್ಲಿ ವಿಚಾರಿಸಿ ಬಳಸತಕ್ಕದ್ದು.

ಎರಡು ತಪ್ಪು ತಿಳಿವಳಿಕೆಗಳು

ಮೊದಲನೆಯದು, "ಹೂ ಉದುರಿತು, ಕಾಯಿ ನಿಲ್ಲಲಿಲ್ಲ" ಎಂಬ ಆತುರದ ತೀರ್ಮಾನ. ನೆಲ್ಲಿಯಲ್ಲಿ ಬೇಸಿಗೆಯಲ್ಲಿ ಫಲ ಕಟ್ಟಿದರೂ ಕಾಯಿ ಕೂಡಲೇ ಬೆಳೆಯುವುದಿಲ್ಲ. ಅದು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ತಿಂಗಳುಗಟ್ಟಲೆ ಸುಪ್ತಾವಸ್ಥೆಯಲ್ಲಿದ್ದು, ಮಳೆಗಾಲದಲ್ಲಿ ದಪ್ಪವಾಗತೊಡಗುತ್ತದೆ. ಆದಕಾರಣ ಮರ ಫಲ ಕಟ್ಟಿದೆಯೋ ಇಲ್ಲವೋ ಎಂಬುದನ್ನು ಮಳೆಗಾಲ ಕಳೆಯುವವರೆಗೆ ನಿರ್ಧರಿಸಬಾರದು.

ಎರಡನೆಯದು, ಚಳಿಗಾಲ ಕಳೆಯುತ್ತಿದ್ದಂತೆ ಎಲೆಯೊಂದಿಗೆ ಸಣ್ಣ ಸಣ್ಣ ಕಡ್ಡಿಗಳೂ ಉದುರಿ ಮರ ಬೋಳಾದಾಗ ಅದು ಒಣಗುತ್ತಿದೆಯೆಂದು ಭಾವಿಸುವುದು. ನೆಲ್ಲಿಯ ಎಲೆ ಎಂದು ನಾವು ತಿಳಿದಿರುವ, ಹುಣಸೆ ಎಲೆಯಂತೆ ಕಾಣುವ ರಚನೆ ಒಂದೇ ಎಲೆಯಲ್ಲ. ಅದು ಸಾಲಾಗಿ ಎಲೆಗಳನ್ನು ಹೊತ್ತ ಸಣ್ಣ ರೆಂಬೆ. ಈ ರೆಂಬೆಗಳು ವರ್ಷಕ್ಕೊಮ್ಮೆ ಉದುರುವುದು ಮರದ ಸಹಜ ಗುಣ. ಹೊಸ ಚಿಗುರಿನೊಂದಿಗೆ ಹೂವು ಮತ್ತೆ ಬರುತ್ತದೆ.

ಗೊಡ್ಡು ಮರವನ್ನು ಕಡಿಯಬೇಕಾಗಿಲ್ಲ

ಈಗಾಗಲೇ ಒಂಟಿಯಾಗಿ ನಿಂತಿರುವ ಮರಗಳಿಗೆ ಎರಡು ಪರಿಹಾರಗಳಿವೆ. ಮೊದಲನೆಯದು, ಸಮೀಪದಲ್ಲಿ ಬೇರೆ ತಳಿಯ ಸಸಿಯನ್ನು ನೆಡುವುದು. ಇದಕ್ಕೆ ಮತ್ತೆ ನಾಲ್ಕೈದು ವರ್ಷ ಕಾಯಬೇಕು. ಎರಡನೆಯದು, ಅದೇ ಮರದ ಒಂದು ಕೊಂಬೆಗೆ ಬೇರೆ ತಳಿಯನ್ನು ಕಸಿ ಮಾಡುವುದು. ಚಳಿಗಾಲದ ಕೊನೆಯಲ್ಲಿ ಒಂದು ದಪ್ಪ ಕೊಂಬೆಯನ್ನು ಮೋಟು ಮಾಡಿದರೆ ಅದರಿಂದ ಹೊಸ ಚಿಗುರುಗಳು ಹೊರಡುತ್ತವೆ. ಬಲವಾದ ಒಂದೆರಡನ್ನು ಉಳಿಸಿಕೊಂಡು, ಅವು ಪೆನ್ಸಿಲಿನಷ್ಟು ದಪ್ಪವಾದಾಗ, ಮಳೆಗಾಲದಲ್ಲಿ ಬೇರೆ ತಳಿಯ ಕಣ್ಣನ್ನು ತಂದು ಕೂರಿಸುತ್ತಾರೆ. ಬೆಳೆದ ಮರದ ಬೇರಿನ ಬಲವಿರುವುದರಿಂದ ಈ ಕೊಂಬೆ ಬೇಗ ಬೆಳೆದು ಹೂ ಬಿಡುತ್ತದೆ. ಆಗ ಒಂದೇ ಮರದಲ್ಲಿ ಜೊತೆಯೂ ಸಿಕ್ಕಂತಾಗುತ್ತದೆ. ಕಸಿ ಕಟ್ಟುವುದು ಕೈಪಳಗಿದವರ ಕೆಲಸ. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಅಂತಹವರಿದ್ದಾರೆ.

ನಾವು ಆ ಊರಿನಲ್ಲಿ ಎರಡೂ ಕ್ರಮಗಳನ್ನು ಅನುಸರಿಸಿದೆವು. ಹಳೆಯ ನಕ್ಷೆಯಲ್ಲಿ ಮನೆಗಳನ್ನು ಗುರುತಿಸಿ, ಒಂದು ಮನೆ ಬಿಟ್ಟು ಒಂದು ಮನೆಗೆ ಬೇರೆ ತಳಿಯ ಸಸಿ ಕೊಟ್ಟೆವು. ಮೊದಲಿಗೆ ಬಂದು ಕೇಳಿದ ಆ ತಾಯಿಯ ಮರವನ್ನೂ ಸೇರಿಸಿ ಹನ್ನೆರಡು ಮರಗಳಿಗೆ ಕೊಂಬೆ ಕಸಿ ಮಾಡಿಸಿದೆವು. ಹನ್ನೆರಡರಲ್ಲಿ ಏಳು ಕಸಿ ಹತ್ತಿದವು. ಐದು ಹತ್ತಲಿಲ್ಲ. ಹತ್ತದ ಮನೆಗಳವರಿಗೆ ಮುಂದಿನ ಮಳೆಗಾಲದಲ್ಲಿ ಮತ್ತೆ ಪ್ರಯತ್ನಿಸುವುದಾಗಿ ಹೇಳುವುದು ಸುಲಭವಾಗಿರಲಿಲ್ಲ. ಅವರು ಆ ಮೊದಲೇ ಆರು ವರ್ಷ ಕಾದಿದ್ದರು.

ನಾಟಿ ಮರದ ರಕ್ಷಣೆ

ದೇವಸ್ಥಾನದ ಹಿಂದಿನ ಹಳೆಯ ಮರ ಇನ್ನೊಂದು ಪಾಠವನ್ನೂ ಕಲಿಸಿತು. ಕಾರ್ತಿಕ ಮಾಸದ ಉತ್ಥಾನ ದ್ವಾದಶಿಯಂದು ತುಳಸಿಯ ಜೊತೆಗೆ ಕಾಯಿ ಸಹಿತ ನೆಲ್ಲಿಯ ಕೊಂಬೆಯನ್ನು ನೆಟ್ಟು ಪೂಜಿಸುವುದು ನಮ್ಮಲ್ಲಿ ರೂಢಿ. ಅದಕ್ಕಾಗಿ ಆ ಮರದ ದೊಡ್ಡ ದೊಡ್ಡ ಕೊಂಬೆಗಳನ್ನೇ ಪ್ರತಿವರ್ಷ ಕಡಿಯಲಾಗುತ್ತಿತ್ತು. ಪೂಜೆಗೆ ಒಂದು ಗೇಣುದ್ದದ ರೆಂಬೆ ಸಾಕು. ಊರಿನ ಗುಂಡುತೋಪು, ದೇವರಕಾಡು, ಹೊಲದ ಬದುಗಳಲ್ಲಿ ಉಳಿದಿರುವ ನಾಟಿ ನೆಲ್ಲಿಮರಗಳ ಕಾಯಿ ಸಣ್ಣದಾದರೂ, ಸುತ್ತಲಿನ ಮನೆಗಳ ಕಸಿಮರಗಳಿಗೆ ಪರಾಗ ಒದಗಿಸುವವು ಅವೇ. ಅಂತಹ ಮರಗಳನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಗುರುತಿಸಿ ದಾಖಲೆಯಲ್ಲಿ ಸೇರಿಸುವುದು ಸೂಕ್ತ.

ಕಾಯಿಯ ಉಪಯೋಗ

ಚೆನ್ನಾಗಿ ಬೆಳೆದ ಕಸಿಮರದಿಂದ ವರ್ಷಕ್ಕೆ 50ರಿಂದ 100 ಕಿ.ಗ್ರಾಂ. ಕಾಯಿ ದೊರೆಯಬಹುದು. 100 ಗ್ರಾಂ ನೆಲ್ಲಿಕಾಯಿಯಲ್ಲಿ ಹಲವು ನೂರು ಮಿಲಿಗ್ರಾಂ ಸಿ ಜೀವಸತ್ವವಿದ್ದು, ಅಷ್ಟೇ ತೂಕದ ಕಿತ್ತಳೆಗಿಂತ ಇದು ಅನೇಕ ಪಟ್ಟು ಹೆಚ್ಚು. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. ಆದುದರಿಂದ ಊಟದ ಜೊತೆಗೆ ನೆಲ್ಲಿಕಾಯಿಯ ಚಟ್ನಿ, ತಂಬುಳಿ, ಚಿತ್ರಾನ್ನ ಯಾವುದಿದ್ದರೂ ಗರ್ಭಿಣಿಯರಿಗೆ ಮತ್ತು ಮಕ್ಕಳಿಗೆ ಉಪಯುಕ್ತ. ಉಪ್ಪುನೀರಿನ ಭರಣಿಯಲ್ಲಿ ಹಾಕಿಟ್ಟರೆ ಅಥವಾ ಬಿಸಿಲಿನಲ್ಲಿ ಒಣಗಿಸಿಟ್ಟರೆ ಸುಗ್ಗಿಯಿಲ್ಲದ ದಿನಗಳಲ್ಲಿಯೂ ಬಳಸಬಹುದು. ಅಂಗನವಾಡಿಯ ಆವರಣದಲ್ಲಿ ಒಂದು ಜೊತೆ ನೆಲ್ಲಿಯಿದ್ದರೆ ಅದರ ಪ್ರಯೋಜನ ಇಡೀ ಓಣಿಗೆ.

ಗ್ರಾಮ ಪಂಚಾಯಿತಿಗಳಲ್ಲಿ ವಿನಂತಿ

ಸಸಿಗಳ ಬೇಡಿಕೆ ಪಟ್ಟಿಯಲ್ಲಿ ಫಲಾನುಭವಿಯ ಹೆಸರು, ಸಸಿಯ ಜಾತಿ, ಸಂಖ್ಯೆ ಎಂಬ ಅಂಕಣಗಳಿರುತ್ತವೆ. ನೆಲ್ಲಿಯ ಮಟ್ಟಿಗಾದರೂ "ತಳಿ" ಎಂಬ ಇನ್ನೊಂದು ಅಂಕಣವನ್ನು ಸೇರಿಸಿಕೊಳ್ಳುವಂತೆ ಸದಸ್ಯರಲ್ಲಿ ಮತ್ತು ಸಹೋದ್ಯೋಗಿಗಳಲ್ಲಿ ವಿನಂತಿಸುತ್ತೇನೆ. ವಾರ್ಡ್ ಸಭೆಯಲ್ಲಿಯೇ ಯಾವ ಮನೆಗೆ ಯಾವ ತಳಿ ಎಂದು ನೆರೆಹೊರೆಯವರು ಕೂಡಿ ಗೊತ್ತುಮಾಡಿಕೊಳ್ಳಲಿ. ಇದಕ್ಕೆ ಹೆಚ್ಚುವರಿ ಅನುದಾನ ಬೇಕಾಗಿಲ್ಲ. ನೆಟ್ಟ ಸಸಿಗಳ ಪರಿಶೀಲನೆ ಬದುಕುಳಿದ ಸಂಖ್ಯೆಗೆ ನಿಲ್ಲದೆ, ಐದನೆಯ ವರ್ಷದಲ್ಲಿ ಕಾಯಿ ಬಿಟ್ಟ ಮರಗಳೆಷ್ಟು ಎಂಬ ಎಣಿಕೆಯೂ ಆಗಲಿ. ಅಂದು ಆ ಪಂಚಾಯಿತಿಯಲ್ಲಿ ಯಾವ ಅಧಿಕಾರಿ ಇದ್ದರೂ ಸರಿಯೆ.

ಕಸಿ ಮಾಡಿಸಿದ ಮೂರನೆಯ ವರ್ಷದ ಕಾರ್ತಿಕದಲ್ಲಿ ಆ ತಾಯಿ ಮತ್ತೆ ಕಚೇರಿಗೆ ಬಂದು, ಸೆರಗಿನಲ್ಲಿ ತಂದಿದ್ದ ಕಾಯಿಗಳನ್ನು ಮೇಜಿನ ಮೇಲೆ ಸುರಿದರು. "ದನ ಕಟ್ಟೋಕೆ ಈಗ ಬೇರೆ ಜಾಗ ನೋಡ್ಬೇಕು ಸಾರ್, ಕೊಟ್ಟಿಗೆ ಅರ್ಜಿ ಎಲ್ಲಿ ಕೊಡ್ಬೇಕು?" ಎಂದು ಕೇಳಿದರು. ಅರ್ಜಿಯನ್ನು ಅಂದೇ ಸ್ವೀಕರಿಸಲಾಯಿತು.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ